ಎಂಟನೇ ದಿನದ ಒಪ್ಪಿಗೆ

"ಅಮ್ಮನ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸ್ತೀನಿ ಅಂತೀರಲ್ಲ, ನೀವು ನಿಜವಾಗ್ಲೂ ಡಾಕ್ಟರಾ?"

ಫೋನಿನಲ್ಲಿ ಲರೀಸಾ ಸಿಡುಕಿದಳು. ಕೆನಡಾದ ವಿನ್ನಿಪೆಗ್‌ನಲ್ಲಿ ಸಿಟಿ ಬಸ್ ಓಡಿಸುವವಳು, ಯಾರಿಗೂ ಸೊಪ್ಪು ಹಾಕುವವಳಲ್ಲ. ಕೋವಿಡ್ ಹಿಡಿದ ತಾಯಿ ಸ್ಟೆಫಾನಿಯಾಳನ್ನು ನೋಡಲು ಆಸ್ಪತ್ರೆಯೊಳಗೆ ಬಿಡುತ್ತಿರಲಿಲ್ಲ. ದಿನವೂ ಸುದ್ದಿ ತಿಳಿಸುತ್ತಿದ್ದವನು ಡಾಕ್ಟರ್ ಟೋಬಿಯಾಸ್. ಅವನ ಮುಖವನ್ನು ಅವಳು ಕಂಡಿರಲಿಲ್ಲ.

"ಡಾಕ್ಟರೇ," ಎಂದ ಅವನು, ಬೇಸರಿಸದೆ. "ಮೊದಲ ದಿನಗಳಲ್ಲಾಗಿದ್ರೆ ನಾನೂ ಬೇಡ ಅಂತಿದ್ದೆ. ಜ್ವರ ಬಂದು ಇವತ್ತಿಗೆ ಎಂಟನೇ ದಿನ. ವೈರಸ್ ಓಡಿಸೋಕೆ ಹೊರಟ ಮೈ ಈಗ ತನ್ನ ಶ್ವಾಸಕೋಶಾನೇ ಊದಿಸ್ಕೊಂಡಿದೆ. ಸ್ಟಿರಾಯ್ಡ್ ಆ ಊತ ಇಳಿಸಬಹುದು."

"ಖಾತ್ರೀನಾ?"

"ಗುಣ ಆಗೇ ಆಗುತ್ತೆ ಅನ್ನಲ್ಲ. ಕೊಡಬೇಕು ಅನ್ನೋದು ಖಾತ್ರಿ. ನನ್ನಮ್ಮನಿಗೂ ಇದನ್ನೇ ಕೊಡ್ತಿದ್ದೆ."

ಲರೀಸಾ ಉಸಿರೆಳೆದುಕೊಂಡಳು. "ಕೊಡಿ."

ಎರಡು ದಿನ ಕಳೆದರೂ ಸ್ಟೆಫಾನಿಯಾಳ ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತಲೇ ಇತ್ತು.

"ಇನ್ನೊಂದು ಔಷಧಿ ಇದೆ," ಎಂದ ಟೋಬಿಯಾಸ್. "ಊತ ಹೆಚ್ಚಿಸು ಅಂತ ಮೈಯೊಳಗೆ ಹೋಗೋ ಸುದ್ದೀನ ತಡೆಯುತ್ತೆ. ಆದ್ರೆ ಬೇರೆ ಸೋಂಕು ತಗುಲೋ ಭಯ ಇದೆ. ನಾನು ಕಣ್ಣಿಟ್ಟಿರ್ತೀನಿ."

"ನೀವು ನೋಡ್ಕೊಳ್ತೀರಿ, ಗೊತ್ತು," ಎಂದಳು. ಹಾಗೆಂದ ಮೇಲೆ ತನ್ನ ಮಾತಿಗೆ ತಾನೇ ಬೆರಗಾಗಿ, ಫೋನನ್ನು ಕೆನ್ನೆಯಿಂದ ತೆಗೆಯದೆ ಕುಳಿತಳು.

ಆ ಔಷಧಿ ಕೊಟ್ಟ ನಾಲ್ಕನೇ ದಿನಕ್ಕೆ ಸ್ಟೆಫಾನಿಯಾಳ ಉಸಿರು ಹದಕ್ಕೆ ಬಂತು. ಫೋನಿನ ಮಾತು ಉದ್ದವಾಯಿತು.

"ಇವತ್ತು ನಿಮ್ಮಮ್ಮ ನನ್ನನ್ನ ಬೈದ್ರು. ಇಲ್ಲಿನ ಸೂಪು ಬರೀ ನೀರಂತೆ. ಮಗಳು ಮಾಡೋ ಬೀಟ್‌ರೂಟ್ ಸೂಪು ಕುಡಿದು ನೋಡು ಅಂದ್ರು."

"ಶುದ್ಧ ಸುಳ್ಳು. ನನಗೆ ಮೊಟ್ಟೆ ಬೇಯಿಸೋದೂ ನೆಟ್ಟಗೆ ಬರಲ್ಲ."

ಅವನು ನಕ್ಕ. ಮರುದಿನವಿಡೀ ಬಸ್ಸು ಓಡಿಸುವಾಗ ಆ ನಗು ಅವಳ ಕಿವಿಯಲ್ಲೇ ಇತ್ತು.

ಮನೆಗೆ ಕಳಿಸುವ ದಿನ ಮಧ್ಯಾಹ್ನ ಲರೀಸಾ ಆಸ್ಪತ್ರೆಯ ಬಾಗಿಲ ಹೊರಗೆ ಕಾದಿದ್ದಳು; ಹಿಮದ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ತಾಯಿಯ ಗಾಲಿಕುರ್ಚಿಯನ್ನು ತಳ್ಳಿಕೊಂಡು ಎತ್ತರದ ಗಂಡಸೊಬ್ಬ ಬಂದ. ಮಾಸ್ಕಿನ ಮೇಲೆ ಕಂಡದ್ದು ನಿದ್ದೆಗೆಟ್ಟ, ನಗುವ ಎರಡು ಕಣ್ಣು.

"ಲರೀಸಾ," ಎಂದ.

ದಿನವೂ ಫೋನಿನಲ್ಲಿ ಕೇಳುತ್ತಿದ್ದ ಅದೇ ದನಿ.

"ಇವತ್ತಿಂದ ನಾನು ನಿಮ್ಮಮ್ಮನ ಡಾಕ್ಟರ್ ಅಲ್ಲ. ಅದಕ್ಕೇ ಈಗ ಕೇಳೋಣ ಅಂತ..." ಅವನು ತಡವರಿಸಿದ.

"ಬೇಗ ಕೇಳಪ್ಪಾ, ಚಳಿ," ಎಂದಳು ಕಂಬಳಿಯೊಳಗಿಂದ ಸ್ಟೆಫಾನಿಯಾ.

"ಭಾನುವಾರ ನದಿ ಪಕ್ಕ ಸುತ್ತಾಡೋಕೆ ಬರ್ತೀರಾ?"

"ಬರ್ತೀರಾ ಅಂದ್ರೆ ಬರಲ್ಲ," ಎಂದಳು ಲರೀಸಾ, ಅವನ ಕಣ್ಣನ್ನೇ ನೋಡುತ್ತ. "ಬರ್ತೀಯಾ ಅಂತ ಕೇಳು."

ಅವನ ಕಿವಿ ಕೆಂಪಾಯಿತು. "ಬರ್ತೀಯಾ?"

ಅವಳು ಉಣ್ಣೆಯ ಕೈಗವಸು ಕಳಚಿ, ಆ ಚಳಿಯಲ್ಲಿ ಬರಿಗೈಯನ್ನು ಅವನ ಕೈಯಲ್ಲಿಟ್ಟಳು.