ಬರಿ ಮಣ್ಣಿಗೆ ನೀರು

ಸಾಲು ಖಾಲಿಯಾಗಿತ್ತು.

ನರ್ಸರಿಯ ಗೇಟು ದಾಟಿ ಬಂದವಳ ಕೈಯಿಂದ ಊಟದ ಡಬ್ಬಿ ಜಾರಿತು. ಅಪ್ಪ ಸಾಯುವ ಮುಂಚೆ ಕೊಟ್ಟ ಒಂದು ಹಿಡಿ ಬೀಜ, ಹಳದಿ ಹೂವಿನ ಕಾಡುಗಿಡದ್ದು. "ಒಮ್ಮೆ ಬೇರು ಬಿಟ್ರೆ ವರ್ಷ ವರ್ಷವೂ ಹೂ ಬಿಡುತ್ತೆ ಮಗಳೇ" ಅಂದಿದ್ದರು. ಅದನ್ನು ಅವಳು ಇಲ್ಲೇ ಬಿತ್ತಿದ್ದಳು. ಆ ಗಿಡಗಳೀಗ ಹೊಸ ತೋಟಗಾರನ ಬುಟ್ಟಿಯಲ್ಲಿ ಬಾಡಿ ಬಿದ್ದಿದ್ದವು.

"ಏನ್ರೀ ಮಾಡಿದ್ರಿ?"

"ಕಳೆ ಕಿತ್ತೆ ಮೇಡಂ."

"ಗಿಡದ ಹೆಸರು ಬರೆದ ಪಟ್ಟಿ ನೆಟ್ಟಿದ್ದು ಕಾಣ್ಲಿಲ್ವಾ? ಕಣ್ಣೇನು ಮನೇಲಿ ಬಿಟ್ಟು ಬಂದ್ರಾ?"

"ಕಾಣಿಸ್ತು. ಆದ್ರೆ ಪಟ್ಟೀಲಿರೋ ಗಿಡದ ಎಲೆ ಅಂಚು ನುಣುಪು. ಇದು ನೋಡಿ, ಗರಗಸ..."

"ಬಾಯ್ಮುಚ್ಚಿ."

ಅವನು ಮುಚ್ಚಿದ. ತಿಂಗಳುಗಟ್ಟಲೆ ಮುಚ್ಚಿದ. ಆದರೆ ದಿನವೂ ಬೆಳಿಗ್ಗೆ ಪಕ್ಕದ ಬೋಳು ಸಾಲಿಗೆ ನೀರು ಹಾಕುತ್ತಿದ್ದ.

"ಮಣ್ಣೇ ಮೊಳಕೆ ಒಡೆಯುತ್ತೇನೋ ಕಣವ್ವಾ" ಎಂದು ಕುಂಡ ತುಂಬುವ ಅಜ್ಜಿ ನಗುತ್ತಿದ್ದಳು.

ಇವಳಿಗೆ ನಗು ಬರುತ್ತಿರಲಿಲ್ಲ. ಕಿಟಕಿಯಲ್ಲಿ ನಿಂತು ಉರಿಯುತ್ತಿದ್ದಳು. ಉರಿಯುತ್ತಲೇ ದಿನವೂ ನೋಡುತ್ತಿದ್ದಳು... ಯಾಕೆಂದು ತನ್ನನ್ನೇ ಕೇಳಿಕೊಳ್ಳಲಿಲ್ಲ.

ಚಳಿ ಕಳೆಯಿತು. ಚಿಕ್ಕಮ್ಮನ ಆರೈಕೆಗೆಂದು ಒಂದು ತಿಂಗಳು ರಜೆ ಹಾಕಿ, ಮರಳಿ ಬಂದವಳು ಗೇಟಿನಲ್ಲೇ ನಿಂತುಬಿಟ್ಟಳು.

ಬೋಳು ಸಾಲಿನ ತುಂಬ ಹಳದಿ ಹೂ.

ಕುಕ್ಕರಿಸಿ ಕೂತು ಎಲೆ ಸವರಿದಳು. ಅಂಚು ನುಣುಪು. ಚಳಿ ಶುರುವಾದಾಗ, ಅವನು ಕೆಲಸಕ್ಕೆ ಬರುವ ಮುಂಚೆ, ಈ ಸಾಲಿನ ಎಲೆಗಳೆಲ್ಲ ಒಣಗಿದ್ದವು. ಸತ್ತವೆಂದು ತಿಳಿದು, ಅಪ್ಪನ ಬೀಜ ಪಕ್ಕದಲ್ಲೂ ಮೊಳೆತಿದೆ ಎಂದುಕೊಂಡು, ಪಟ್ಟಿ ಕಿತ್ತು, ಪಕ್ಕದ ಹಸಿರು ಸಾಲಿಗೆ ನೆಟ್ಟವಳು ತಾನೇ. ಬೇರು ಮಲಗಿತ್ತು, ಸತ್ತಿರಲಿಲ್ಲ. ತಾನು ಸಾಕಿದ್ದು ಕಳೆ.

ಅಯ್ಯೋ... ಇವನನ್ನು ಎಷ್ಟು ಅಂದೆ...

ಹಿಂದೆ ಅವನು ನಿಂತಿದ್ದ. ಹೆಗಲಲ್ಲಿ ಚೀಲ.

"ಎಲ್ಲಿಗೆ?"

"ನಿಮಗೆ ನನ್ನ ಕಂಡ್ರಾಗಲ್ಲ ಅಂತ ಕೆಲಸ ಬಿಟ್ಟೆ ಮೇಡಂ. ನೀವು ಹೂ ನೋಡ್ಲಿ ಅಂತ ಕಾದಿದ್ದೆ."

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಒಣಗಿದ ಎಲೆ ನೋಡಿ ಊಹಿಸ್ದೆ. ಆದ್ರೆ ಬೇರು ಸತ್ತಿದ್ರೆ? ನಿಮ್ಮಪ್ಪನ ಬೀಜ ಅಂತ ಅಜ್ಜಿ ಹೇಳಿದ್ರು. ಸುಳ್ಳು ಆಸೆ ಹುಟ್ಟಿಸೋಕೆ ಮನಸ್ಸಾಗ್ಲಿಲ್ಲ."

"ಅದಕ್ಕೇ ದಿನಾ ನೀರು ಹಾಕಿದ್ರಾ?"

"ಅದೊಂದಕ್ಕೇ ಅಲ್ಲ." ಅವನು ತಲೆ ತಗ್ಗಿಸಿದ. "ನೀರು ಹಾಕ್ದಾಗ ನೀವು ಕಿಟಕಿಗೆ ಬರ್ತಿದ್ರಲ್ಲ... ಬೈಯೋ ಮುಖ ಆದ್ರೂ ಪರ್ವಾಗಿಲ್ಲ ಅನ್ನಿಸ್ತಿತ್ತು."

ಅವಳ ಕಣ್ಣು ತುಂಬಿತು. "ಮುಂದಿನ ಚಳಿಗೆ ಇದು ಮತ್ತೆ ಒಣಗುತ್ತೆ. ನಾನು ಮತ್ತೆ ಪಟ್ಟಿ ಕೀಳ್ತೀನಿ. ಯಾರು ತಡೀತಾರೆ?"

"ಇರ್ಲಾ? ಎಷ್ಟು ವರ್ಷ?"

ಅವಳು ಅವನ ಹೆಗಲಿನ ಚೀಲ ಇಳಿಸಿಕೊಂಡಳು.

"ಅಪ್ಪ ಹೇಳಿದ್ರು... ಒಮ್ಮೆ ಬೇರು ಬಿಟ್ರೆ ವರ್ಷ ವರ್ಷವೂ ಅಂತ."