ಏಳು ಸೀಟಿನ ಗಾಡಿ

ಗಾಡಿಯಲ್ಲಿ ಏಳು ಸೀಟು, ಮನೆಯಲ್ಲಿ ಒಂಬತ್ತು ಜನ. ಈ ಲೆಕ್ಕ ಆಶಾರಾಣಿಗೆ ತಿಳಿಯದ್ದೇನಲ್ಲ, ಅವಳು ಬಿ.ಕಾಂ. ಓದಿದವಳು. ಲೆಕ್ಕ ಗೊತ್ತಿದ್ದೂ ತನ್ನ ಗಂಡ ಬಸವಪ್ರಭು ಅದೇ ಗಾಡಿ ಬೇಕೆಂದು ಯಾಕೆ ಹಟ ಹಿಡಿದಿದ್ದಾನೆ ಎಂಬುದು ಮಾತ್ರ ಅವಳಿಗೆ ಅರ್ಥವಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಹುಬ್ಬಳ್ಳಿಯ ಶೋರೂಮಿನವರು ಟ್ರಯಲ್‌ಗೆಂದು ಸಫಾರಿಯನ್ನು ದಾವಣಗೆರೆಗೆ ತಂದು, ದೇವರಾಜ ಅರಸು ಬಡಾವಣೆಯ ಅವರ ಮನೆ ಮುಂದೆ ನಿಲ್ಲಿಸಿದ್ದರು. ಆಗಿನ್ನೂ ಊರಲ್ಲಿ ಅಂಥ ಗಾಡಿ ಒಂದೋ ಎರಡೋ ಇದ್ದಿರಬೇಕು. ಎತ್ತರದ ಮೈ, ಹಿಂಬಾಗಿಲಿಗೆ ಬಿಗಿದ ಸ್ಟೆಪ್ನಿ ಚಕ್ರ, ಒಳಗೆ ಗಾಡಿಯನ್ನು ಜೋರಾಗಿ ಓಡಿಸುವ ಟರ್ಬೊ ಎಂಜಿನ್. ಮಂಡಿಪೇಟೆಯಲ್ಲಿ ಪೈಪು, ಪಂಪ್‌ಸೆಟ್ಟಿನ ಅಂಗಡಿ ನಡೆಸುವ ಮಾವ ವಾಮದೇವಪ್ಪ, ಸಂತೆಯಲ್ಲಿ ಎತ್ತು ನೋಡುವವರಂತೆ ಅದರ ಸುತ್ತ ಒಂದು ಸುತ್ತು ಬಂದರು. ಗಂಡನ ಅಣ್ಣ, ಭಾವ ಕೊಟ್ರೇಶ್ ಆಗಲೇ ಸ್ಟೀರಿಂಗ್ ಹಿಡಿದು ಕೂತಿದ್ದರು. ಮಾವನ ತಾಯಿ, ಮನೆಯ ಅಜ್ಜಿಗೆ ಮೆಟ್ಟಿಲು ಎತ್ತರವಾಯಿತೆಂದು ಅಡುಗೆಮನೆಯಿಂದ ಮಣೆ ತಂದಿಟ್ಟು ಹತ್ತಿಸಬೇಕಾಯಿತು.

"ಮುಂದೆ ಇಬ್ಬರು, ನಡುವೆ ಮೂರು ಜನ, ಹಿಂದೆ ಮಡಚೋ ಸೀಟಿನಲ್ಲಿ ಇಬ್ಬರು," ಎಂದು ಶೋರೂಮಿನವನು ಬಾಗಿಲು ತೆರೆದು ತೋರಿಸಿದ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರೆ ಇನ್ನೂ ಇಬ್ಬರು ಕೂಡಬಹುದು ಸರ್."

"ಇಲ್ಲ," ಎಂದ ಬಸವಪ್ರಭು. "ಏಳು ಅಂದ್ರೆ ಏಳೇ. ಮೇಲೆ ಒಬ್ಬರೂ ಹಿಡಿಸಲ್ಲ."

ಮಾರುವವನೇ ಒಂಬತ್ತು ಎನ್ನುವಾಗ ಕೊಳ್ಳುವವನು ಏಳು ಎನ್ನುತ್ತಾನೆ. ಅಂಥ ಗಿರಾಕಿಯನ್ನು ಆ ಹುಡುಗ ಅದೇ ಮೊದಲು ಕಂಡಿರಬೇಕು.

ಕೊಟ್ರೇಶರ ಹೆಂಡತಿ ಗಂಗಾಂಬಿಕಾಗೆ ಸುಮ್ಮನಿರುವುದು ಬರುವುದಿಲ್ಲ. "ಹಂಗಾದ್ರೆ ಇಬ್ಬರು ಮನೆ ಕಾಯ್ಕೊಂಡು ಇರಬೇಕು. ಆಶಾ, ಹೊಸದಾಗಿ ಬಂದಾಕಿ ನೀನೇ ನೋಡು," ಎಂದು ನಕ್ಕಳು.

ಎಲ್ಲರೂ ನಕ್ಕರು, ಆಶಾಳೂ ನಕ್ಕಳು. ನಗುತ್ತಲೇ ಗಂಡನ ಕಡೆ ನೋಡಿದಳು. ಅವನು ಇಲ್ಲ ಎನ್ನಲಿಲ್ಲ. ಬಗ್ಗಿ ಟೈರು ಒತ್ತಿ ನೋಡುತ್ತಿದ್ದ.

ಮದುವೆಯಾಗಿ ವರ್ಷ ತುಂಬಿರಲಿಲ್ಲ. ಆಶಾಳ ತವರು ಹರಿಹರದ ಪಕ್ಕದ ಗುತ್ತೂರು. ಅಪ್ಪನಿಗೆ ಅಲ್ಲಿಯ ಫ್ಯಾಕ್ಟರಿಯಲ್ಲಿ ಕೆಲಸ, ಮನೆಯಲ್ಲಿ ಮೂರೇ ಜನ. ಅಲ್ಲಿಂದ ಬಂದವಳಿಗೆ ಈ ತುಂಬಿದ ಮನೆ ಇಷ್ಟವಾಗಿತ್ತು. ಆದರೆ ಇಲ್ಲಿ ಗಂಡನೊಬ್ಬ ಇದ್ದಾನೆ, ಅವನು ತನ್ನವನು ಎಂಬುದು ಅವಳಿಗೆ ಇನ್ನೂ ಪೂರ್ತಿ ನಂಬಿಕೆಗೆ ಬಂದಿರಲಿಲ್ಲ. ರಾತ್ರಿ ಮಾತಾಡೋಣವೆಂದರೆ ಗೋಡೆಯಾಚೆ ಅಜ್ಜಿ ಮಲಗುತ್ತಿದ್ದರು. ಅವರಿಗೆ ಹಗಲಲ್ಲಿ ಕೂಗಿದರೂ ಕೇಳದು, ರಾತ್ರಿ ಪಿಸುಗುಟ್ಟಿದರೆ ಕೇಳುತ್ತಿತ್ತು.

ಹೊರಗೆ ಹೋಗುವುದೂ ಹಾಗೆಯೇ. ಹೋದರೆ ಎಲ್ಲರೂ, ಇಲ್ಲವಾದರೆ ಯಾರೂ ಇಲ್ಲ ಎನ್ನುವುದು ಆ ಮನೆಯ ಕಟ್ಟಳೆ. ಹಳೆಯ ಅಂಬಾಸಿಡರ್ ಕಾರಿನಲ್ಲಿ ಒಂಬತ್ತೂ ಜನ ಹೇಗೋ ಹಿಡಿಸುತ್ತಿದ್ದರು. ಕೊಟ್ರೇಶ್ ಓಡಿಸುವುದು, ನಡುವೆ ಮಾವ, ಕಿಟಕಿಗೆ ಬಸವಪ್ರಭು. ಹಿಂದೆ ಹೆಂಗಸರು, ತೊಡೆಯ ಮೇಲೆ ಗಂಗಾಂಬಿಕಾಳ ಇಬ್ಬರು ಹೆಣ್ಣುಮಕ್ಕಳು. ದಾವಣಗೆರೆ ದಾಟಿದ ಮೇಲೆ ಬಸವಪ್ರಭು ಗದ್ದೆ ನೋಡುವವನಂತೆ ಮೆಲ್ಲಗೆ ಹಿಂದೆ ತಿರುಗುತ್ತಿದ್ದ. ಕಣ್ಣು ಗದ್ದೆಗೆ ಹೋಗದೆ ಆಶಾಳ ಮುಖದ ಮೇಲೆ ನಿಲ್ಲುತ್ತಿತ್ತು. ಅವಳು ಹುಬ್ಬೆತ್ತಿದರೆ ಇವನ ಕಿವಿ ಕೆಂಪಾಗುತ್ತಿತ್ತು. "ಭತ್ತ ಚಲೋ ಬಂದೈತೆ," ಎಂದು ಯಾರಿಗೋ ಹೇಳುವಂತೆ ಹೇಳಿ ಮುಂದೆ ತಿರುಗುತ್ತಿದ್ದ. ಕೊಯ್ಲಾಗಿ ಗದ್ದೆ ಖಾಲಿ ಬಿದ್ದಿದ್ದಾಗಲೂ ಒಮ್ಮೆ ಹಾಗೆಂದು ಅಪ್ಪನ ಕೈಲಿ ಬೈಸಿಕೊಂಡಿದ್ದ.

ಆ ಇಣುಕುನೋಟಗಳನ್ನೇ ನಂಬಿಕೊಂಡು ಅವಳು ಇಷ್ಟು ದಿನ ಕಳೆದಿದ್ದಳು. ಈಗ ಅವನೇ ಅವಳಿಗೆ ಜಾಗವಿಲ್ಲದ ಗಾಡಿ ತರಲು ಹೊರಟಿದ್ದ. ಅದೂ ಪೇಪರಿನ ಜಾಹೀರಾತು ಕತ್ತರಿಸಿಟ್ಟುಕೊಂಡು, ಟರ್ಬೊ, ಪಿಕಪ್ ಎಂದು ತಿಂಗಳಿಂದ ಅಪ್ಪನ ತಲೆ ತಿಂದು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಮಧ್ಯಾಹ್ನ ರೊಟ್ಟಿ ತಟ್ಟುತ್ತಿದ್ದಾಗ ಅತ್ತೆ ಶಾಂತಕುಮಾರಿ ತಾವಾಗಿಯೇ ಕೇಳಿದರು. "ಗಾಡಿ ಹೆಂಗನ್ನಿಸ್ತವ್ವಾ ನಿನಗೆ?"

"ಗಾಡಿ ಚಲೋ ಐತೆ ಅತ್ತಿ. ಆದ್ರೆ ಹಬ್ಬ ಹರಿದಿನ ಅಂತ ಹೋಗುವಾಗ ಇಬ್ಬರನ್ನ ಬಿಟ್ಟು ಹೋಗೋದು ಹೆಂಗೆ? ಸುಮೋ ಆದ್ರೆ ಎಲ್ಲಾರೂ ಹಿಡಿಸ್ತೀವಿ."

ಶಾಂತಕುಮಾರಿಯವರ ಕೈ ತವೆಯ ಮೇಲೆಯೇ ನಿಂತಿತು. ಸೊಸೆ ಮನೆಯ ಒಗ್ಗಟ್ಟಿನ ಮಾತಾಡಿದಳೆಂದು ಅವರಿಗೆ ಕಣ್ಣು ತುಂಬಿ ಬಂತು. ಆ ಮಾತು ರೊಟ್ಟಿಯ ಜೊತೆಗೇ ನಡುಮನೆಗೆ ಹೋಯಿತು.

"ಖರೆ ಐತೆ," ಎಂದರು ವಾಮದೇವಪ್ಪ, ಊಟ ಮಾಡುತ್ತ. "ನೆನ್ನೆ ಮೊನ್ನೆ ಬಂದ ಹುಡುಗಿಗೆ ಇರೋ ಬುದ್ಧಿ ನಮಗಿಲ್ಲ ನೋಡು. ಜೋರಾಗಿ ಓಡೋ ಗಾಡಿ ತಗಂಡು ಯಾರ ಕೂಡ ರೇಸಿಗೆ ಹೋಗಬೇಕು ನಾವು? ಸುಮೋನೇ ತಗಳಾನ. ನಾಳೆ ಹುಬ್ಬಳ್ಳಿಗೆ ಫೋನ್ ಮಾಡ್ತೀನಿ."

ಕೊಟ್ರೇಶರ ಮುಖ ಬಾಡಿತು. ಬಸವಪ್ರಭು ತುತ್ತನ್ನು ಕೈಯಲ್ಲೇ ಹಿಡಿದು ತಲೆಯೆತ್ತಿದ. ಪಲ್ಯ ಬಡಿಸುತ್ತಿದ್ದ ಆಶಾ ಆ ನೋಟವನ್ನು ಎದುರಿಸಿದಳು. ಯಾವಾಗಲೂ ಬಂದು ಓಡಿಹೋಗುತ್ತಿದ್ದ ಆ ಕಣ್ಣು ಈ ಸಲ ಕದಲಲಿಲ್ಲ. ಅದರಲ್ಲಿ ಕೋಪವಿರಲಿಲ್ಲ. ಜಾತ್ರೆಯಲ್ಲಿ ಕೈ ತಪ್ಪಿಸಿಕೊಂಡ ಮಗುವಿನ ಕಂಗಾಲು ಇತ್ತು. ಗೆದ್ದೆ ಅಂದುಕೊಂಡವಳಿಗೆ ಯಾಕೋ ಗೆದ್ದಂತೆ ಅನ್ನಿಸಲಿಲ್ಲ.

ಸಂಜೆ ಅವಳು ಮಾಳಿಗೆಯ ಮೇಲೆ ಒಣಹಾಕಿದ್ದ ಸಂಡಿಗೆ ಆಯುತ್ತಿದ್ದಳು. ಬಸವಪ್ರಭು ಮೆಟ್ಟಿಲು ಹತ್ತಿ ಬಂದ.

"ಅತ್ತಿ ಕಳಿಸಿದ್ರಾ?" ಎಂದಳು.

"ಇಲ್ಲ. ಡಿಶ್ ವೈರ್ ನೋಡ್ತೀನಿ ಅಂತ ಹೇಳಿ ಬಂದೆ."

"ನೋಡ್ರಿ ಮತ್ತೆ."

ಅವನು ವೈರಿನ ಕಡೆ ನೋಡಲೂ ಇಲ್ಲ. "ಯಾಕ ಹಂಗ ಹೇಳಿದೆ ಆಶಾ? ನಿನಗೇನು ಸುಮೋ ಅಷ್ಟೊಂದು ಇಷ್ಟಾನಾ?"

"ನನಗೆ ಯಾವ ಗಾಡಿ ಆದ್ರೂ ಒಂದೇ. ಒಂದು ಮಾತು ಹೇಳಿಬಿಡ್ರಿ. ಆ ಏಳು ಸೀಟಿನ ಗಾಡಿಯಾಗೆ ಬಿಟ್ಟು ಹೋಗೋರು ಯಾರು ಅಂತ ಮೊದಲೇ ಎಣಿಸಿದ್ರಿ ತಾನೇ?"

"ಎಣಿಸಿದ್ದೆ."

ಅಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾನೆಂದು ಅವಳು ಅಂದುಕೊಂಡಿರಲಿಲ್ಲ. "ಯಾರು?"

"ನಾನು ಮತ್ತೆ ನೀನು."

ಆಶಾ ಕೈಯಲ್ಲಿದ್ದ ಸಂಡಿಗೆಯನ್ನು ಮೊರದಲ್ಲಿ ಹಾಕಲು ಮರೆತಳು.

"ಅಜ್ಜಿ, ಅಪ್ಪಾಜಿ, ಅವ್ವ, ಅಣ್ಣ, ಅತ್ತಿಗೆ, ಎರಡು ಹುಡುಗೀರು. ಗಾಡಿ ಭರ್ತಿ ಆತು," ಎಂದ ಅವನು, ಪಾಠ ಒಪ್ಪಿಸುವವನಂತೆ. "ಉಳಿದೋರು ನನ್ನ ಬೈಕಿನ ಮೇಲೆ ಬರಬೇಕು. ಕಾರಿನಾಗೆ ಜಾಗ ಇದ್ದಾಗ ಹೆಂಡ್ತಿನ ಬೈಕ್ ಹತ್ತಿಸಿದ್ರೆ ಅಜ್ಜಿ ಸುಮ್ನಿರ್ತಾಳಾ? ಜಾಗನೇ ಇಲ್ಲ ಅಂದ್ರೆ ಯಾರು ಏನು ಅಂತಾರೆ?"

"ಅದಕ್ಕೆ ಏಳು ಸೀಟು."

"ಹೂಂ."

"ಮತ್ತೆ ಟರ್ಬೊ ಯಾಕ?"

ಅವನ ಕಿವಿ ಕೆಂಪಾಗತೊಡಗಿತು. "ಮೆಲ್ಲಗೆ ಹೋಗೋ ಗಾಡಿ ಆದ್ರೆ ನಮ್ಮ ಮುಂದೆ ಮುಂದೆನೇ ಹೋಗ್ತಿರ್ತೈತೆ. ಹಿಂದಿನ ಗ್ಲಾಸಿನಾಗೆ ಅಜ್ಜಿ ದಾರಿ ಪೂರ್ತಿ ನಮ್ಮನ್ನೇ ನೋಡ್ತಿರ್ತಾಳೆ. ಟರ್ಬೊ ಆದ್ರೆ ನಮ್ಮನ್ನ ಹಿಂದೆ ಬಿಟ್ಟು ಹೋಗ್ತೈತೆ."

ಆಶಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಅದು ನಗುವಿನದೇ ನೀರು ಎಂದು ಅವಳೂ ಆಣೆ ಮಾಡಿ ಹೇಳಲಾರಳು.

"ನಗಬ್ಯಾಡ," ಎಂದ ಅವನು. "ನಿನ್ನ ಕೂಡ ನೆಟ್ಟಗೆ ಅರ್ಧ ಗಂಟೆ ಮಾತಾಡಿಲ್ಲ ನಾನು. ನಿನಗೆ ಏನಿಷ್ಟ, ಗುತ್ತೂರಾಗೆ ಇದ್ದಾಗ ಹೆಂಗಿದ್ದೆ, ಒಂದೂ ಗೊತ್ತಿಲ್ಲ. ದಿನಾ ನೋಡ್ತೀನಿ, ದಿನಾ ನಿನ್ನ ಮೇಲೆ ಆಸೆ ಹೆಚ್ಚಾಗ್ತೈತೆ, ಹೇಳಾಕೆ ಜಾಗ ಇಲ್ಲ."

"ಇದನ್ನ ಮೊದಲೇ ಹೇಳಬಾರ್ದಿತ್ತಾ?"

"ಎಲ್ಲಿ ಹೇಳಲಿ? ಈಗ ಡಿಶ್ ವೈರ್ ಹೆಸರು ಹೇಳಿ ಬಂದೀನಿ."

ಕೆಳಗಿನಿಂದ ಗಂಗಾಂಬಿಕಾ ಕೂಗಿದಳು. ಟಿವಿ ಇನ್ನೂ ಸರಿಯಾಗಿ ಬರುತ್ತಿಲ್ಲವೆಂದು ಹೇಳುತ್ತಿದ್ದಳು. ಮುಟ್ಟದಿದ್ದ ವೈರಿನಿಂದ ಟಿವಿ ಸರಿಹೋಗುವಂತಿರಲಿಲ್ಲ, ಆದರೆ ಬಸವಪ್ರಭು ಹೋಗಲೇಬೇಕಾಯಿತು. ಆಶಾ ಮೊರದ ಮುಂದೆ ಕೂತೇ ಇದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಗಂಡ ಒಂದು ತಿಂಗಳು ಕಷ್ಟಪಟ್ಟು ಕಟ್ಟಿದ್ದನ್ನು ಅವಳು ಒಂದು ರೊಟ್ಟಿ ಬೇಯುವಷ್ಟರಲ್ಲಿ ಕೆಡವಿ ಹಾಕಿದ್ದಳು. ಕೆಡವಿದವಳೇ ಎತ್ತಿ ನಿಲ್ಲಿಸಬೇಕಿತ್ತು.

ಮರುದಿನ ಬೆಳಿಗ್ಗೆ ವಾಮದೇವಪ್ಪ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಫೋನಿನ ಪಕ್ಕ ಕೂತಿದ್ದರು. ಆಶಾ ಚಹಾ ತಂದಿಟ್ಟಳು. ಇಟ್ಟ ಮೇಲೆ ಹೋಗಲಿಲ್ಲ.

"ಏನವ್ವಾ?"

"ಮಾವ, ಸುಮೋ ಬ್ಯಾಡ ಅನ್ನಿಸ್ತೈತೆ."

ಮಾವ ಕನ್ನಡಕ ತೆಗೆದರು. "ನೆನ್ನೆ ಬೇಕು ಅಂದಿದ್ದೆ."

"ಓಡಿಸೋರು ಭಾವ. ಅವರಿಗೆ ಆ ಗಾಡಿನೇ ಇಷ್ಟ ಐತೆ. ಅಜ್ಜಿಗೂ ಸೀಟು ಮೆತ್ತಗೆ ಅನ್ನಿಸಿತಂತೆ."

"ಅದೆಲ್ಲಾ ಸರಿ. ಬಿಟ್ಟು ಹೋಗೋದು ಯಾರನ್ನ? ನೀನೇ ಕೇಳಿದ್ದು."

ರಾತ್ರಿಯೆಲ್ಲ ಹೊಂದಿಸಿಟ್ಟುಕೊಂಡಿದ್ದ ಕಾರಣಗಳು ಅಲ್ಲಿಗೆ ಮುಗಿದವು. ಆಶಾ ಸೆರಗಿನ ತುದಿ ಹಿಡಿದುಕೊಂಡಳು. ಸೊಸೆಯಾದವಳು ಮಾವನ ಮುಂದೆ ಆಡುವ ಮಾತಲ್ಲ ಎಂದು ಗೊತ್ತಿತ್ತು. ಆಡದಿದ್ದರೆ ಫೋನು ಹುಬ್ಬಳ್ಳಿಗೆ ಹೋಗುತ್ತದೆ ಎಂದೂ ಗೊತ್ತಿತ್ತು.

"ನಾನು ಬೈಕಿನ ಮೇಲೆ ಬರ್ತೀನಿ ಮಾವ."

"ಒಬ್ಬಾಕೆನೇ?"

"ಇಲ್ಲ. ಅವರ ಜೊತೆ." ದನಿ ಸಣ್ಣದಾಗಿತ್ತು, ಆದರೆ ನಡುಗಲಿಲ್ಲ. "ನನಗೆ ಅವರ ಜೊತೆ ಹೋಗಬೇಕು ಅನ್ನಿಸ್ತೈತೆ."

ವಾಮದೇವಪ್ಪ ಚಹಾ ಎತ್ತಿಕೊಂಡು ನಿಧಾನವಾಗಿ ಕುಡಿದರು. ಆಶಾಳಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸುವಷ್ಟು ನಿಧಾನವಾಗಿ.

"ಇದಕ್ಕಾ ಅವನು ಟರ್ಬೊ ಟರ್ಬೊ ಅಂತ ಒಂದು ತಿಂಗಳಿಂದ ಬಡ್ಕೊಂಡಿದ್ದು?" ಎಂದರು ಕೊನೆಗೆ. ಲೋಟ ಕೆಳಗಿಟ್ಟು ಅಡುಗೆಮನೆಯ ಕಡೆ ಒಮ್ಮೆ ನೋಡಿದರು. "ನಾನೂ ನಿಮ್ಮತ್ತಿನೂ ಇಬ್ಬರೇ ಅಂತ ಹೊರಗ ಹೋಗಿದ್ದು ಒಂದೇ ಸಲ ಕಣವ್ವಾ. ಆಕೆಗೆ ಆಪರೇಷನ್ ಆದಾಗ, ಆಸ್ಪತ್ರೆಗೆ. ಹೋಗು, ನಿನ್ನ ಕೆಲಸ ನೋಡ್ಕ."

ಆಶಾ ಬಾಗಿಲು ದಾಟುವ ಮೊದಲೇ ಫೋನಿನಲ್ಲಿ ಸಫಾರಿ ಎಂಬ ಮಾತು ಕೇಳಿಸಿತು.

ಗಾಡಿ ಬಂದ ದಿನ ಮೊದಲ ಪೂಜೆ ಹರಿಹರೇಶ್ವರನಿಗೆ, ಊಟ ಗುತ್ತೂರಿನ ಬೀಗರ ಮನೆಯಲ್ಲಿ ಎಂದು ನಿಶ್ಚಯವಾಗಿತ್ತು. ಚಕ್ರಕ್ಕೆ ನಿಂಬೆಹಣ್ಣು ಇಟ್ಟರು, ಮಣೆ ಇಟ್ಟು ಅಜ್ಜಿಯನ್ನು ಹತ್ತಿಸಿದರು, ಏಳು ಜನವೂ ಕೂತರು. ಬಸವಪ್ರಭು ಬೈಕ್ ಒರೆಸುತ್ತ ಯಾರ ಕಡೆಯೂ ನೋಡದೆ ನಿಂತಿದ್ದ. ಆಶಾ ಅವನ ಪಕ್ಕಕ್ಕೆ ಬಂದು ನಿಂತಳು.

"ಏ ಹುಡುಗಿ," ಅಜ್ಜಿ ಕಿಟಕಿಯಿಂದ ಕೈ ಚಾಚಿದರು. "ಬಿಸಿಲಾಗೆ ಬೈಕಿನ ಮೇಲೆ ಯಾಕ? ಬಾ, ನನ್ನ ತೊಡಿ ಮೇಲೆ ಕುಂತ್ಕ. ಸಣ್ಣಾಕಿ ಇದ್ದಿ."

ಬಸವಪ್ರಭುವಿನ ಕೈಯ ಒರೆಸುವ ಬಟ್ಟೆ ಪೆಟ್ರೋಲ್ ಟ್ಯಾಂಕಿನ ಮೇಲೆ ನಿಂತಿತು.

"ಅವ್ವಾ, ಏಳು ಜನಕ್ಕೆ ಅಂತ ಆರ್.ಟಿ.ಓ. ಬರೆದು ಕೊಟ್ಟಾನ," ಎಂದರು ಮುಂದಿನ ಸೀಟಿನಿಂದ ವಾಮದೇವಪ್ಪ. ಅಂಬಾಸಿಡರ್‌ನಲ್ಲಿ ಇಷ್ಟು ವರ್ಷ ಒಂಬತ್ತು ಜನರನ್ನು ತುಂಬಿದವರಿಗೆ ಆರ್.ಟಿ.ಓ. ನೆನಪಾದದ್ದು ಅದೇ ಮೊದಲು. "ಕೊಟ್ರೇಶ, ನಡಿ."

ಪಿ.ಬಿ. ರಸ್ತೆಯಲ್ಲಿ ಊರು ಮುಗಿಯುತ್ತಿದ್ದಂತೆ ಕೊಟ್ರೇಶ್ ಆಕ್ಸಿಲರೇಟರ್ ಒತ್ತಿದರು. ಹಿಂಬಾಗಿಲಿನ ಸ್ಟೆಪ್ನಿ ಸಣ್ಣದಾಗುತ್ತ ಲಾರಿಗಳ ನಡುವೆ ಕಾಣದಾಯಿತು. ಕೊಟ್ಟ ದುಡ್ಡಿಗೆ ಮೋಸವಿರಲಿಲ್ಲ.

"ಹೋತು," ಎಂದ ಬಸವಪ್ರಭು.

"ಹೋತು," ಎಂದಳು ಆಶಾ.

ಇಷ್ಟು ದಿನ ಕಾದದ್ದು ಕೈಗೆ ಬಂದಾಗ ಮಾತನ್ನು ಎಲ್ಲಿಂದ ಶುರು ಮಾಡುವುದೋ ಇಬ್ಬರಿಗೂ ತಿಳಿಯಲಿಲ್ಲ. ಕೊನೆಗೆ ಅವಳೇ ಅವನ ಭುಜದ ಮೇಲೆ ಕೈಯಿಟ್ಟಳು. "ಗುತ್ತೂರಾಗೆ ಹೆಂಗಿದ್ದೆ ಅಂತ ಕೇಳಿದ್ರಲ್ಲ," ಎಂದು ಶುರು ಮಾಡಿದಳು. ಸೈಕಲ್ಲಿನ ಮೇಲೆ ಹರಿಹರದ ಕಾಲೇಜಿಗೆ ಹೋಗುತ್ತಿದ್ದದ್ದು, ಶಿಫ್ಟ್ ಸೈರನ್ ಕೇಳಿ ಏಳುತ್ತಿದ್ದದ್ದು, ಹೆಣ್ಣು ನೋಡಲು ಬಂದಾಗ ಅವನು ಉಪ್ಪಿಟ್ಟನ್ನೇ ನೋಡುತ್ತ ಕೂತದ್ದು. ಅವನು ನಕ್ಕ. ನಗುವಾಗ ಅವನ ಬೆನ್ನು ಅಲುಗುವುದು ಅವಳ ಅಂಗೈಗೆ ತಿಳಿಯಿತು.

"ಉಪ್ಪಿಟ್ಟು ನೋಡಲಿಲ್ಲ ನಾನು. ತಟ್ಟೆ ಹಿಡಿದಿದ್ದ ನಿನ್ನ ಕೈ ನೋಡ್ತಿದ್ದೆ."

ದೊಡ್ಡಬಾತಿ ದಾಟಿದ ಮೇಲೆ, ಬೇವಿನ ಮರದ ಕೆಳಗೆ ಸಫಾರಿ ನಿಂತಿತ್ತು. ಅಜ್ಜಿಯ ತಲೆ ಕಿಟಕಿಯ ಹೊರಗಿತ್ತು. ಹುಡುಗಿಯರಿಬ್ಬರೂ ಕೈ ಬೀಸುತ್ತಿದ್ದರು. ಹಿಂದೆ ಬಿದ್ದವರಿಗಾಗಿ ಮನೆಯವರೆಲ್ಲ ಕಾಯುತ್ತಿದ್ದರು. ಅಂಥ ಮನೆಗೆ ಎಷ್ಟು ಜೋರಿನ ಗಾಡಿ ತಂದರೂ ಅಷ್ಟೇ.

ಬಸವಪ್ರಭು ನಿಟ್ಟುಸಿರು ಬಿಟ್ಟು ಗೇರ್ ಇಳಿಸಿದ.

"ನಿಲ್ಲಿಸಬ್ಯಾಡ್ರಿ," ಎಂದಳು ಆಶಾ, ಅವನ ಕಿವಿಯ ಹತ್ತಿರ.

"ಅಪ್ಪಾಜಿ ಕಾಯ್ತಾ ನಿಂತಾರಲ್ಲೇ."

"ಮಾವಗೆ ನಾನು ಹೇಳ್ತೀನಿ. ನೀವು ಹೋಗ್ರಿ."

ಅವನು ಹೋದ. ಗಾಡಿಯ ಪಕ್ಕದಲ್ಲೇ, ಅಜ್ಜಿಯ ಬಾಯಿ ತೆರೆದದ್ದು ತೆರೆದಂತೆಯೇ ಇರುವಾಗ, ಬೈಕ್ ಮುಂದೆ ದಾಟಿತು. ಆಶಾ ಭುಜದ ಮೇಲಿದ್ದ ಕೈ ತೆಗೆದು, ಎಲ್ಲರ ಕಣ್ಣೆದುರೇ, ಅವನ ಸೊಂಟ ಬಳಸಿ ಹಿಡಿದಳು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದಳು. ಗಾಡಿ ಇನ್ನೂ ಹೊರಟಿರಲಿಲ್ಲ. ವಾಮದೇವಪ್ಪ ಕೆಳಗಿಳಿದು ಬಾನೆಟ್ ಎತ್ತಿಸಿ, ಅದೇ ದಿನ ಬಂದ ಎಂಜಿನ್ನಿಗೆ ಏನೋ ಆಗಿದೆ ಎಂಬಂತೆ ಬಗ್ಗಿ ನಿಂತಿದ್ದರು. ಅವರ ಪಕ್ಕದಲ್ಲಿ ಅತ್ತೆಯೂ ಇಳಿದು ಬಂದು ನಿಂತಿದ್ದರು.