ಕಳ್ಳಿ ಮುರಿದಾಕೆ

ವೇರೂಳಿನ ಗುಡ್ಡದ ಮೇಲೆ ಹದಿನೆಂಟು ಗುಂಡಿಗಳು. ಒಂದೊಂದರ ಪಕ್ಕದಲ್ಲೂ ನಂಬರು ಬರೆದ ತಗಡು. ಗಿಡ ಮಾತ್ರ ಇಲ್ಲ!

ಗಾಳಿಯಲ್ಲಿ ಹೆಣದ ವಾಸನೆ. ಸತ್ತ ಪ್ರಾಣಿ ಎಲ್ಲೂ ಕಾಣಲಿಲ್ಲ. ಉಳಿದ ಗಿಡಗಳ ಕಡುಗೆಂಪು ಹೂವೇ ಹಾಗೆ ನಾರುತ್ತಿತ್ತು. ನೊಣಗಳನ್ನು ಕರೆಯುವ ಉಪಾಯವಂತೆ. ನನಗೆ ಅಲ್ಲಿ ನಿಲ್ಲಲೂ ಭಯವಾಯಿತು.

ಅದು 2011ರ ಸೆಪ್ಟೆಂಬರ್. ಸಂಭಾಜಿನಗರ ಆಗಿನ್ನೂ ಔರಂಗಾಬಾದ್. ನಾಶಿಕದ ಓಝರ್‌ನಿಂದ ನಾವು ಬಂದದ್ದು ಘೃಷ್ಣೇಶ್ವರನ ದರ್ಶನಕ್ಕೆ. ನಮ್ಮ ಯಜಮಾನರು ಬಾಲಕೃಷ್ಣ ವಿಮಾನ ಕಾರ್ಖಾನೆಯಲ್ಲಿ ತಪಾಸಣೆಯವರು. ದೇವರ ಮುಂದೆ ನಿಂತರೂ ಬಾಗಿಲಿನ ಮೊಳೆ ಎಣಿಸುವ ಚಾಳಿ. ಗುಡಿಯಲ್ಲಿ ನಮ್ಮ ಕನ್ನಡ ಕೇಳಿ ಒಬ್ಬ ಕೂಲಿಯವನು ಓಡಿಬಂದು ಕಾಲು ಹಿಡಿದ. ಯಾದಗಿರಿ ಕಡೆಯ ಚನಬಸಪ್ಪ.

"ನನ್ನ ಹೇಂತಿ ರೇಣವ್ವನ್ನ ನಿನ್ನಿಯಿಂದ ಫಾರೆಸ್ಟ್ ಚೌಕಿಯಾಗ ಕುಂಡ್ರಿಸ್ಯಾರ್ರೀ. ಗಿಡಾ ಕದ್ದೀನಿ ಅಂತ ಒಪ್ಪಿಕೊಂಡಾಳ ಅಂತಾರ. ಸಂಜಿಕೆ ಪೊಲೀಸರು ಒಯ್ತಾರಂತ. ಏಳು ತಿಂಗಳ ಬಸರಿ ಅದಾಳ್ರೀ!"

ಹಾಗಾಗಿ ನಾವು ಅವನ ಜೊತೆ ಆ ಗುಡ್ಡ ಹತ್ತಿದ್ದು. ಯಜಮಾನರು ಗುಂಡಿಗಳನ್ನು ಒಂದು ಸಲ ನೋಡಿದರು. ಅವುಗಳ ನಡುವಿನ ನೆಲವನ್ನು ಮೂರು ಸಲ ನೋಡಿದರು.

ಚೌಕಿಯ ಮುಂದೆ ಬಿಸಿಲಲ್ಲಿ ನಿಂತಿದ್ದ ಕಾರಿನ ಹಿಂಬದಿಯಲ್ಲೂ ನೊಣಗಳು. ಒಳಗೆ ಇಬ್ಬರಿದ್ದರು. ಗಾರ್ಡ್ ತುಕಾರಾಮ, ಮತ್ತೆ ಔರಂಗಾಬಾದಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಭಾರ್ಗವಿ. ಮೈಸೂರಿನವರು, ಆರು ವರ್ಷದಿಂದ ಈ ಗಿಡದ ಹಿಂದೆ ಬಿದ್ದವರು. ಮೂಲೆಯಲ್ಲಿ ರೇಣವ್ವ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು.

"ಯಾರ ಮೇಲೆ ಅನುಮಾನ?" ಯಜಮಾನರು ಕೇಳಿದರು.

"ಮೊದಲು ಕಲ್ಲುಗಣಿ ಮಾಲೀಕನ ಮೇಲಿತ್ತು," ತುಕಾರಾಮ ಮರಾಠಿಯಲ್ಲಿ ಹೇಳಿದ. "ಗಿಡ ಇಲ್ಲದಿದ್ದರೆ ಗುಡ್ಡ ಅವನದು. ಆದರೆ ಈ ಹೆಂಗಸು ತಾನೇ ಒಪ್ಪಿಕೊಂಡಳಲ್ಲ!"

"ಬೇರೆಲ್ಲೂ ಈ ಗಿಡ ಇಲ್ಲವೇ?"

"ಇಲ್ಲ," ಭಾರ್ಗವಿ ಎಂದರು. "ಹೋದ ವರ್ಷ ಹೂ ಬಿಡುವ ಗಿಡ ಅರವತ್ತೊಂದಿತ್ತು. ಈಗ ನಲವತ್ತಮೂರು. ನಾಳೆ ಸಮಿತಿ ಬಂದು ಎಣಿಸುತ್ತೆ."

"ಎಣಿಸಿದರೆ?"

"ಐವತ್ತಕ್ಕಿಂತ ಕಡಿಮೆ ಇದ್ದರೆ ‘ತೀರಾ ಅಳಿವಿನಂಚು’ ಅಂತ ಕೆಂಪು ಪಟ್ಟಿಗೆ ಶಿಫಾರಸು. ಆಮೇಲೆ ಇಲ್ಲಿ ಗಣಿ ಬರೋದು ಕಷ್ಟ."

"ಮರಿ ಗಿಡಗಳನ್ನೂ ಎಣಿಸುತ್ತಾರಾ?"

"ಇಲ್ಲ. ಬೆಳೆದದ್ದು ಮಾತ್ರ." ಅವರ ದನಿ ಸಣ್ಣದಾಯಿತು.

ಯಜಮಾನರು ರೇಣವ್ವನ ಕಡೆ ತಿರುಗಿದರು. "ನೀನು ಹೇಳಿದ ಮಾತು ಯಾವುದು? ಹೇಗೆ ಹೇಳಿದೆಯೋ ಹಾಗೇ ಹೇಳು."

"ಕಳ್ಳಿ ಮುರದಾಕಿ ನಾನ ರೀ, ಅಂದೆ. ಬಯಕಿ ಆಗಿತ್ರೀ. ಹಾಲುಗಳ್ಳಿ ಅಲ್ಲ, ಇದು ತಿನ್ನೂ ಕಳ್ಳಿ. ಎರಡು ತುದಿ ಮುರದು ಉಪ್ಪು ಹಚ್ಚಿ ತಿಂದೆ. ಬುಡಕ್ಕ ಕೈ ಹಚ್ಚಿಲ್ಲ, ನನ್ನ ಕೂಸಿನ ಆಣಿ."

"ತುಕಾರಾಮ, ನಿಮಗೆ ಇದೆಷ್ಟು ಅರ್ಥವಾಯಿತು?"

"ನನಗೆಲ್ಲಿ ಕನ್ನಡ ಸಾಹೇಬ್! ‘ಕಳ್ಳಿ, ಕಳ್ಳಿ’ ಅಂತಿದ್ದಳು. ‘ಕಳ್ಳಿ ಮ್ಹಣಜೆ ಕಾಯ, ಹಾಗಂದರೇನು?’ ಅಂತ ಮೇಡಂ ಅವರನ್ನು ಕೇಳಿದೆ. ‘ಚೋರಟೀ, ಕದಿಯುವವಳು’ ಅಂದರು. ಬರೆದುಕೊಂಡೆ."

ಯಜಮಾನರು ಕನ್ನಡಕ ಒರೆಸಿಕೊಂಡರು. ಆ ಚಾಳಿ ನನಗೆ ಗೊತ್ತು. ದೋಷ ಸಿಕ್ಕಿದೆ ಎಂದರ್ಥ.

"ಹೊಟ್ಟೆಗೆ ತಿನ್ನುವವಳು ತುದಿ ಮುರೀತಾಳೆ, ಬೇರು ಅಗೆಯೋದಿಲ್ಲ. ಗಣಿಯವನಾಗಿದ್ದರೆ ಎಲ್ಲಾ ನೆಲಸಮ ಮಾಡ್ತಿದ್ದ. ಮಾರೋನಾಗಿದ್ದರೆ ಸಾಗಿಸಲು ಸುಲಭ ಅಂತ ಮರಿಗಳನ್ನೂ ಒಯ್ತಿದ್ದ. ಇಲ್ಲಿ ಗುಂಡಿಗಳ ನಡುವೆ ಒಂದು ಮರಿಯೂ ನಲುಗಿಲ್ಲ. ಹೋಗಿರೋದು ಲೆಕ್ಕಕ್ಕೆ ಬರೋ ಗಿಡ ಮಾತ್ರ, ಅದೂ ಎಣಿಕೆ ಐವತ್ತರ ಕೆಳಗೆ ಇಳಿಯೋಷ್ಟು. ಆ ನಿಯಮ ಗೊತ್ತಿದ್ದು, ಗಿಡದ ಮೇಲೆ ಪ್ರೀತಿಯೂ ಇದ್ದವರು ಯಾರು?"

ಭಾರ್ಗವಿ ಕಿಟಕಿಯಾಚೆ ನೋಡಿದರು.

"ಅದು ಬರೀ ಊಹೆ ಅನ್ನಬಹುದು. ಆದರೆ ಭಾರ್ಗವಿಯವರೇ — ಕಳ್ಳಿ ಅಂದರೆ ಕಳ್ಳತನ ಮಾಡಿದವಳು, ಹೌದು. ಕಳ್ಳಿ ಅಂದರೆ ಗಿಡವೂ ಹೌದು. ಗಿಡ ಕಳೆದ ಜಾಗದಲ್ಲಿ, ಕನ್ನಡ ಬಲ್ಲ ಸಸ್ಯಶಾಸ್ತ್ರಜ್ಞೆಗೆ ಗಿಡವೇ ನೆನಪಾಗಲಿಲ್ಲವೇ? ಹೊರಗೆ ನಿಮ್ಮ ಕಾರಿನ ಡಿಕ್ಕಿಗೆ ಅಷ್ಟೊಂದು ನೊಣ ಏಕೆ ಮುತ್ತಿವೆ?"

ಭಾರ್ಗವಿ ಕಾರಿನ ಕೀಲಿ ಮೇಜಿನ ಮೇಲಿಟ್ಟರು.

ತುಕಾರಾಮ ಡಿಕ್ಕಿ ತೆರೆದ. ಒದ್ದೆ ಪ್ಲಾಸ್ಟಿಕ್ ಚೀಲಗಳು. ಎರಡು ದಿನದ ಬಿಸಿಲಿಗೆ ಒಳಗಿದ್ದುದೆಲ್ಲ ಬೆಂದು ಲೋಳೆಯಾಗಿತ್ತು. ಹದಿನೆಂಟರಲ್ಲಿ ಒಂದೂ ಉಳಿದಿರಲಿಲ್ಲ.

"ಅಗೆದ ಮರುದಿನವೇ ಮನೆಗೆ ಒಯ್ದು ನೆಡೋಣ ಅಂತಿದ್ದೆ," ಭಾರ್ಗವಿ ಎಂದರು. "ಹೇಳಿಕೆಗೆ ಕನ್ನಡ ಬಲ್ಲವರು ಬೇಕು ಅಂತ ಇಲ್ಲೇ ಉಳಿಸಿಕೊಂಡರು. ಎಲ್ಲರ ಕಣ್ಣೆದುರು ಡಿಕ್ಕಿ ತೆಗೆಯೋಕೆ ಆಗಲಿಲ್ಲ. ಗಣಿ ಬಂದಿದ್ದರೆ ಒಂದೂ ಉಳೀತಿರಲಿಲ್ಲ..."

ಹದಿನೆಂಟೂ ಸತ್ತ ಮೇಲೆ, ನಾಳೆ ಸಮಿತಿ ಬರೆದುಕೊಳ್ಳುವ ನಲವತ್ತಮೂರು ಇನ್ನು ಸುಳ್ಳಲ್ಲ. ನನಗೆ ಅಯ್ಯೋ ಎನಿಸಿತು. ಒಳಗೆ ಮೂಲೆಯಲ್ಲಿದ್ದ ರೇಣವ್ವನನ್ನು ನೋಡಿದೆ, ಆ ಮರುಕವೆಲ್ಲ ಸಿಟ್ಟಾಯಿತು.

ರೇಣವ್ವ ಗೋಡೆ ಹಿಡಿದು ಎದ್ದಳು. ಚನಬಸಪ್ಪ ಕೈಕೊಟ್ಟ. ಬಾಗಿಲ ಹತ್ತಿರ ಬಂದವಳು ನಿಂತಳು.

"ಅಕ್ಕಾರ, ನಿನ್ನಿ ನಾ ಅತ್ತು ಅತ್ತು ಹೇಳಿದ್ದು ನಿಮಗ ತಿಳದಿತ್ತೇನ್ರೀ?"

ಭಾರ್ಗವಿ ಹೇಳಿದರು: "ತಿಳಿದಿತ್ತು."

"ನಿಮಗ ತಿಳೀತು ಅಂತ ನಾ ಧೈರ್ಯಾ ಮಾಡಿ ಕುಂತಿದ್ದೆ," ಎಂದು ರೇಣವ್ವ ಗಂಡನ ಕೈ ಹಿಡಿದು ಮೆಟ್ಟಿಲಿಳಿದಳು.